ಕೈಜೋಡಿಸದ ಮಗುವೂ ನಮ್ಮದೇ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಶಾಲೆಯ ದಿನ ಆರಂಭವಾಗುವುದು ಬೆಳಗಿನ ಪ್ರಾರ್ಥನೆಯಿಂದ. ಹಳೆ ವಿದ್ಯಾರ್ಥಿಗಳು ಎಲ್ಲಿ ಭೇಟಿಯಾದರೂ ಮೊದಲು ನೆನೆಯುವುದು ಅದನ್ನೇ. ಆ ಪ್ರಾರ್ಥನೆಯ ಕುರಿತೇ ಇಂದು ನಾಲ್ಕು ಮಾತುಗಳನ್ನಾಡಬಯಸುತ್ತೇನೆ.

ನಾನು ಹೊಸದಾಗಿ ಅಧ್ಯಾಪಿಕೆಯಾಗಿದ್ದ ಕಾಲ, ಬೇರೊಂದು ಶಾಲೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆಯ ವೇಳೆ ಕೈಜೋಡಿಸದೆ ಸುಮ್ಮನೆ ನಿಂತಿರುತ್ತಿದ್ದಳು. ಅದನ್ನು ಅವಿಧೇಯತೆಯೆಂದು ಭಾವಿಸಿ ಎಲ್ಲರೆದುರು ಗದರಿಸಿದೆ. "ಟೀಚರ್, ನಮ್ಮ ಮನೆಯಲ್ಲಿ ಪ್ರಾರ್ಥಿಸುವ ಕ್ರಮ ಬೇರೆ" ಎಂದಳು. ಮರುದಿನದಿಂದ ಕೈಜೋಡಿಸಿದಳು, ಆದರೆ ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿಬಿಟ್ಟಳು. ಅಂದು ನಾನು ಕಳೆದುಕೊಂಡದ್ದು ಏನೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದುವು.

ನಮ್ಮ ಸಂವಿಧಾನದ 28ನೆಯ ವಿಧಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಸರಕಾರದ ಮನ್ನಣೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಮಗುವಿನ ಪೋಷಕರ ಒಪ್ಪಿಗೆಯಿಲ್ಲದೆ ಆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ-ಪ್ರಾರ್ಥನೆಗಾಗಲಿ ಒತ್ತಾಯಿಸುವಂತಿಲ್ಲ. ನಮ್ಮದು ಅನುದಾನಿತ ಶಾಲೆ. ನಮ್ಮ ವೇತನ ಬರುವುದು ಸರಕಾರದ ಬೊಕ್ಕಸದಿಂದ. ಆದುದರಿಂದ ಅಸೆಂಬ್ಲಿಯಲ್ಲಿ "ಕೈಜೋಡಿಸು" ಎಂದು ನಾನು ಆಜ್ಞಾಪಿಸಿದರೆ, ಆ ದನಿಯ ಹಿಂದೆ ಸರಕಾರದ ಅಧಿಕಾರವೂ ಇರುತ್ತದೆ.

ನಮ್ಮ ಕೇರಳದಲ್ಲೇ ನಡೆದ ಪ್ರಕರಣವೊಂದಿದೆ. ಅದು ಪ್ರಾರ್ಥನೆಗಲ್ಲ, ರಾಷ್ಟ್ರಗೀತೆಗೆ ಸಂಬಂಧಿಸಿದ್ದು. 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ, ತಮ್ಮ ಧರ್ಮಶ್ರದ್ಧೆಯ ಕಾರಣದಿಂದ ಹಾಡಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠವು ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಗೌರವದಿಂದ ಮೌನವಾಗಿ ನಿಲ್ಲುವುದು ಅಪರಾಧವಲ್ಲವೆಂಬುದು ಅದರ ತಾತ್ಪರ್ಯ.

ಇದು ನಮಗೆ ಬೇಗನೆ ಅರ್ಥವಾಗಬೇಕಾದ ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವಿಲ್ಲಿ ಭಾಷಾ ಅಲ್ಪಸಂಖ್ಯಾತರು. ನಮ್ಮ ಮಕ್ಕಳ ಮೇಲೆ ಬೇರೆ ಭಾಷೆಯನ್ನು ಹೇರಬೇಡಿರೆಂದು ಸಂವಿಧಾನದ ಹೆಸರಿನಲ್ಲೇ ಕೇಳುತ್ತ ಬಂದಿದ್ದೇವೆ. ಹೀಗೆ ಕೇಳುವ ನಾವು, ನಮ್ಮೊಳಗಿನ ಅಲ್ಪಸಂಖ್ಯಾತ ಮಗುವಿನ ಮೇಲೆ ಪ್ರಾರ್ಥನೆಯನ್ನು ಹೇರಿದರೆ ನಮ್ಮ ಬೇಡಿಕೆಗೆ ನೈತಿಕ ಬಲ ಉಳಿದೀತೆ?

ಹಾಗಾದರೆ ಪ್ರಾರ್ಥನೆಯನ್ನೇ ನಿಲ್ಲಿಸಬೇಕೇ ಎಂದು ಕೆಲವು ಹೆತ್ತವರು ಕಳವಳದಿಂದ ಕೇಳಿದ್ದಾರೆ. ಬೇಡ. ಹಾಡುವವರು ಮನತುಂಬಿ ಹಾಡಲಿ. ಮಗುವನ್ನು ಶಾಲೆಗೆ ಸೇರಿಸುವಾಗಲೇ ಹೆತ್ತವರ ಒಪ್ಪಿಗೆಯನ್ನು ಕೇಳೋಣ. ಮೌನವಾಗಿ ನಿಂತ ಮಗುವನ್ನು ಯಾರೂ ಕಾರಣ ಕೇಳದಿರಲಿ. ಅದನ್ನು ಸಾಲಿನಿಂದ ಬೇರೆ ನಿಲ್ಲಿಸದಿರಲಿ. ಒತ್ತಾಯಕ್ಕೆ ಜೋಡಿಸಿದ ಕೈಗಳಲ್ಲಿ ಭಕ್ತಿಯಿರುವುದಿಲ್ಲ, ಭಯವಿರುತ್ತದೆ.

ಅಂದಿನ ಆ ಹುಡುಗಿಯ ಕ್ಷಮೆ ಕೇಳುವ ಅವಕಾಶ ನನಗೆ ದೊರೆಯಲಿಲ್ಲ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಶಾಲೆಯಲ್ಲಿ ಅಂಥ ಕ್ಷಮೆ ಕೇಳಬೇಕಾದ ಸಂದರ್ಭ ಯಾವ ಅಧ್ಯಾಪಿಕೆಗೂ ಬಾರದಿರಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.