ಮೊಬೈಲಿಗೂ ಒಂದು ಬೈಲಾ ಬೇಕು

(ಸಂಘದ ರಜತ ಮಹೋತ್ಸವದ ನಿಮಿತ್ತ ಸರಸಂಬಾದಲ್ಲಿ ಸೇರಿದ್ದ ಪಾಲಕರು ಹಾಗೂ ಪ್ರೌಢಶಾಲೆ ವಿದ್ಯಾರ್ಥಿಗಳ ಎದುರು ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರದ ಮಾತು ಬಿಟ್ಟು ಸಾಲಿ ಹುಡುಗರ ಮೊಬೈಲಿನ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಸಂಘದ ಆಸ್ತಿ ಎಂದರೆ ಗೋದಾಮು, ತಿಜೋರಿ ಇಷ್ಟೇ ಅಲ್ಲ. ನಾಳೆ ಷೇರುದಾರರಾಗಿ ಬಂದು, ಲೆಕ್ಕಪತ್ರ ಓದಿ, ಮಹಾಸಭೆಯಲ್ಲಿ ಎದ್ದು ನಿಂತು "ಈ ಖರ್ಚು ಹ್ಯಾಂಗ ಆಯ್ತು?" ಎಂದು ಕೇಳಬೇಕಾದವರು ಈ ಮಕ್ಕಳೇ. ಅವರ ಓದು ಕೆಟ್ಟರೆ ಮುಂದೆ ಸಂಘ ನಡೆಸುವವರು ಯಾರು? ಆದ್ದರಿಂದ ಈ ವಿಷಯ ಸಾಲಿಯ ಗುರುಗಳಿಗೆ ಎಷ್ಟು ಸೇರಿದ್ದೋ ಸಂಘಕ್ಕೂ ಅಷ್ಟೇ ಸೇರಿದ್ದು.

ಮೊದಲಿಗೆ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು ಮೊಬೈಲಿನ ವೈರಿಗಳಲ್ಲ. ಇಂದು ರೈತನ ಅರ್ಧ ಕೆಲಸ ಅದರ ಮೇಲೆಯೇ ನಡೆದಿದೆ. ತೊಗರಿ ದರ ನೋಡುವುದು, ಪಹಣಿ ತೆಗೆಯುವುದು, ಹಣ ಕಳಿಸುವುದು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಹೊಲದ ಫೋಟೋ ಹಾಕುವುದು ಇವೆಲ್ಲ ಅದರಿಂದಲೇ. ಎಷ್ಟೋ ಮನೆಗಳಲ್ಲಿ ಈ ಕೆಲಸ ಅಪ್ಪನಿಗೆ ಬರುವುದಿಲ್ಲ, ಒಂಬತ್ತನೇತ್ತಿ ಓದುವ ಮಗಳಿಗೆ ಬರುತ್ತದೆ. ಹೊಲದ ಬದುವಿನ ಮೇಲೆ ನಿಂತು ಸರ್ವೆ ನಂಬರು ಹಾಕಿ ಫೋಟೋ ತೆಗೆಯುವ ಆ ಕೂಸನ್ನು ನೋಡಿ ಹೆಮ್ಮೆ ಪಡಬೇಕು. ಹಾಗೆಂದು ಕುರಿಗಿ ಹೊಲಕ್ಕೆ ಬೇಕೇ ಬೇಕು ಎಂದು ಅದನ್ನು ತಂದು ಹಾಸಿಗೆಯಲ್ಲಿ ಇಟ್ಟುಕೊಂಡು ಯಾರೂ ಮಲಗುವುದಿಲ್ಲ. ಸಲಕರಣೆಗೆ ಒಂದು ಹೊತ್ತು, ಒಂದು ಜಾಗ ಇರುತ್ತದೆ. ಮೊಬೈಲಿಗೆ ಮಾತ್ರ ಆ ಹೊತ್ತು, ಆ ಜಾಗ ಇನ್ನೂ ನಿಗದಿಯಾಗಿಲ್ಲ. ನಮ್ಮ ಮಾತಿನ ಸಾರ ಇಷ್ಟೇ.

ಅದು ಮಕ್ಕಳ ಕೈಗೆ ಬಂದದ್ದು ಹೇಗೆ ಎಂಬುದನ್ನೂ ನೆನಪಿಡಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಸಾಲಿ ಬಾಗಿಲು ಮುಚ್ಚಿದವು. ಆ ವರ್ಷ ಜುಲೈದಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ 'ಸಂವೇದ' ಪಾಠ ಶುರುವಾಯಿತು, ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು, ಗುಡಿ ಕಟ್ಟೆ, ಗಿಡದ ನೆರಳೇ ವರ್ಗದ ಕೋಣೆ ಆದವು. ಅದರ ಜೊತೆಗೆ ವಾಟ್ಸಾಪಿನಲ್ಲಿ ಪಾಠ ಬರುತ್ತವೆ ಎಂದು ಸಾಲ ಮಾಡಿ ಮೊಬೈಲ್ ಕೊಡಿಸಿದ ತಂದೆ-ತಾಯಿಗಳು ಎಷ್ಟೋ ಮಂದಿ. ಅಂದು ಅದು ಅನಿವಾರ್ಯವಾಗಿತ್ತು. ಸಾಲಿ ತೆರೆದವು, ಗುರುಗಳು ಎದುರಿಗೆ ನಿಂತು ಪಾಠ ಹೇಳತೊಡಗಿದರು. ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಪಾಠ ಹೋಗಿ ರೀಲ್ಸ್ ಬಂತು.

ಇದು ಬರೀ ನಮ್ಮ ಕಡೆಯ ಮಾತಲ್ಲ. ದೇಶದ ಹಳ್ಳಿಗಳಲ್ಲಿ ನಡೆಸಿದ 2024ರ 'ಅಸರ್' ಸಮೀಕ್ಷೆಯ ಪ್ರಕಾರ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಬಳಸಿದವರು ನೂರಕ್ಕೆ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ನೂರಕ್ಕೆ 76. ಓದಿಗೂ ಬಳಸುತ್ತಾರೆ ಎಂಬುದು ಸಮಾಧಾನದ ಸಂಗತಿ. ಆದರೆ ತಕ್ಕಡಿ ಯಾವ ಕಡೆ ಬಾಗಿದೆ ಎಂಬುದು ತಿಳಿಯುತ್ತದೆ.

ಈಗ ನಮ್ಮ ಜಿಲ್ಲೆಯ ಸ್ಥಿತಿ ನೋಡೋಣ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ನಮ್ಮ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ಕಟ್ಟಕಡೆಯ ಸ್ಥಾನದಲ್ಲಿತ್ತು. ಅಂದರೆ ಪರೀಕ್ಷೆಗೆ ಕುಂತ ಹತ್ತು ಮಕ್ಕಳಲ್ಲಿ ಆರು ಮಂದಿಯ ಸಮೀಪ ನಪಾಸು. ಇದಕ್ಕೆಲ್ಲ ಮೊಬೈಲೇ ಕಾರಣ ಎಂದರೆ ಅದು ಅನ್ಯಾಯದ ಮಾತು. ಗುರುಗಳ ಖಾಲಿ ಹುದ್ದೆಗಳಿವೆ, ದುಡಿಯಲಿಕ್ಕೆ ಪುಣೆ-ಮುಂಬಯಿಗೆ ಗುಳೆ ಹೋಗುವ ಕುಟುಂಬಗಳಿವೆ, ರಾಶಿ ಬಂದರೆ ಸಾಲಿ ತಪ್ಪಿಸುವ ಮನೆಗಳಿವೆ. 2024ರಿಂದ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡತೊಡಗಿದ ಮೇಲೆ ಚೀಟಿ ನಂಬಿ ಕುಂತವರ ದಾರಿಯೂ ಮುಚ್ಚಿತು. ಇನ್ನು ಮುಂದೆ ಓದಿಯೇ ಪಾಸಾಗಬೇಕು. ಹುದ್ದೆ ತುಂಬುವುದು ಸರಕಾರದ ಕೈಯಲ್ಲಿದೆ, ಅದನ್ನು ಕೇಳುತ್ತಲೇ ಇರೋಣ. ಆದರೆ ಸಂಜೆಯ ಎರಡು ತಾಸು ಯಾರ ಕೈಯಲ್ಲಿದೆ? ಅದು ನಮ್ಮ ಮನೆಯ ಕೈಯಲ್ಲೇ ಇದೆ.

ಓದುವಾಗ ಒಮ್ಮೆ ಮೊಬೈಲ್ ಟಿಂಗ್ ಎಂದರೆ ಏನಾಯಿತು, ನೋಡಿ ಮತ್ತೆ ಓದಿದರಾಯಿತು ಎಂದು ಹುಡುಗರು ಹೇಳುತ್ತಾರೆ. ವಿಶ್ವಸಂಸ್ಥೆಯ ಯುನೆಸ್ಕೋ 2023ರಲ್ಲಿ ಹೊರತಂದ ವರದಿಯಲ್ಲಿ, ಹಾಗೆ ಒಮ್ಮೆ ಚಿತ್ತ ಚದುರಿದರೆ ಮತ್ತೆ ಓದಿನಲ್ಲಿ ನಿಲ್ಲಲು ಇಪ್ಪತ್ತು ನಿಮಿಷದವರೆಗೂ ಬೇಕಾಗಬಹುದು ಎಂದು ತಿಳಿಸಿದೆ. ಒಂದು ತಾಸಿನಲ್ಲಿ ಮೂರು ಸಲ ಟಿಂಗ್ ಎಂದರೆ ಆ ತಾಸು ಹೋದಂತೆಯೇ. ಬಿತ್ತುವಾಗ ಸಾಲಿನ ನಡುವೆ ಮೂರು ಸಲ ಎತ್ತು ಬಿಚ್ಚಿ ಕಟ್ಟಿದರೆ ಬಿತ್ತನೆ ಹ್ಯಾಂಗಾದೀತು?

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ, ಹಿರಿಯರು ಬ್ಯಾಸರ ಮಾಡಿಕೊಳ್ಳಬಾರದು. ಹುಡುಗನ ಮೊಬೈಲಿನಲ್ಲಿ ಏನಾದರೂ ಸಿಕ್ಕರೆ ಎರಡು ಮಾತು ಬೈದು ಬಿಡುತ್ತಾರೆ. ಹುಡುಗಿಯ ಮೊಬೈಲಿನಲ್ಲಿ ಒಂದು ಮೆಸೇಜ್ ಸಿಕ್ಕರೆ ಸಾಕು, "ಸಾಕು ಮಾಡು ಸಾಲಿ, ಗಂಡು ನೋಡ್ರಿ" ಎನ್ನುವ ಮಾತು ಹೊರಡುತ್ತದೆ. ಎಷ್ಟೋ ಸಲ ಆಕೆಯದು ಏನೂ ತಪ್ಪಿರುವುದಿಲ್ಲ. ಯಾವನೋ ಆಕೆಯ ಫೋಟೋ ಕದ್ದು ಸ್ಟೇಟಸ್ಸಿಗೆ ಹಾಕಿರುತ್ತಾನೆ. ಹಾಕಿದವ ಬಸ್‌ಸ್ಟ್ಯಾಂಡಿನಲ್ಲಿ ಆರಾಮಾಗಿ ತಿರುಗುತ್ತಾನೆ, ಸಾಲಿ ಬಿಡುವವಳು ಆಕೆ. ಇದರಿಂದ ಹೆದರಿದ ಹುಡುಗಿಯರು ಯಾರಾದರೂ ಪೀಡಿಸಿದರೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಪೀಡಿಸುವವನಿಗೆ ಬಲ ಬರುತ್ತದೆ. 18 ವರ್ಷ ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಡುವುದು, ಅವರ ಕೆಟ್ಟ ಫೋಟೋ ತೆಗೆಯುವುದು 2012ರ ಪೋಕ್ಸೋ ಕಾಯ್ದೆಯಡಿ ಜೈಲಿನ ದಾರಿ. ಮಕ್ಕಳ ಸಹಾಯವಾಣಿ 1098, ಆನ್‌ಲೈನ್ ಹಣದ ಮೋಸಕ್ಕೆ 1930. ಈ ಎರಡು ನಂಬರು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿರಬೇಕು. ತಂಗ್ಯಾರೇ, ನಿಮಗೆ ತೊಂದರೆಯಾದರೆ ಮೊದಲು ಅವ್ವನಿಗೆ, ಇಲ್ಲವೇ ಗುರುಗಳಿಗೆ ಹೇಳಿರಿ. ಪಾಲಕರೇ, ಆಕೆ ಹೇಳಿದ ದಿನ ಆಕೆಯ ಸಾಲಿ ನಿಲ್ಲುವುದಿಲ್ಲ ಎಂಬ ಭರವಸೆ ನೀವು ಇಂದೇ ಕೊಡಿರಿ.

ಹೊರಗೆ ಏನು ನಡೆದಿದೆ? ಆಸ್ಟ್ರೇಲಿಯಾ ದೇಶ 16 ವರ್ಷದೊಳಗಿನ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಖಾತೆ ಕೊಡಬಾರದೆಂಬ ಕಾನೂನನ್ನು 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದೇ ವರ್ಷ ದಿಲ್ಲಿ ಹೈಕೋರ್ಟು, ಸಾಲಿಗೆ ಮೊಬೈಲ್ ಪೂರ್ತಿ ನಿಷೇಧ ಮಾಡುವುದು ನಡೆಯುವ ಮಾತಲ್ಲ, ಆದರೆ ವರ್ಗದಲ್ಲಿ ಬಳಕೆ ಬೇಡ, ಸಾಧ್ಯವಿದ್ದಲ್ಲಿ ಸಾಲಿಗೆ ಬಂದ ಕೂಡಲೇ ಒಪ್ಪಿಸಿ ಹೋಗುವಾಗ ಪಡೆಯಲಿ ಎಂದು ಹೇಳಿತು. ಪಾಲಕರು, ಶಿಕ್ಷಕರು ಕೂಡಿ ನಿಯಮ ಮಾಡಿಕೊಳ್ಳಲಿ ಎಂಬುದೂ ಅದರ ಮಾತು.

ಇವೆಲ್ಲ ದೂರದವು ಎಂದರೆ ಹತ್ತಿರದ್ದನ್ನೇ ನೋಡಿರಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಊರಿದೆ. 2022ರ ಆಗಸ್ಟ್‌ನಿಂದ ಅಲ್ಲಿ ಸಂಜೆ ಏಳಕ್ಕೆ ಗುಡಿಯ ಮೇಲಿಂದ ಸೈರನ್ ಕೂಗತೊಡಗಿತು. ಕೂಗಿದ ಕೂಡಲೇ ಮನೆಮನೆಯ ಟಿವಿ, ಮೊಬೈಲ್ ಬಂದ್. ಎಂಟೂವರೆಗೆ ಮತ್ತೆ ಸೈರನ್. ಆ ಒಂದೂವರೆ ತಾಸು ಮಕ್ಕಳ ಓದಿಗೆ. ನಮ್ಮ ರಾಜ್ಯದಲ್ಲಿ ಬೆಳಗಾವಿ ಸುವರ್ಣ ವಿಧಾನಸೌಧದ ಹತ್ತಿರದ ಹಲಗಾ ಗ್ರಾಮದವರು ಏಳರಿಂದ ಒಂಬತ್ತರವರೆಗೆ ಇದೇ ಪದ್ಧತಿ ಹಾಕಿಕೊಂಡರು. ಅವರಿಗೆ ಯಾವ ಸರಕಾರವೂ ಆದೇಶ ಕೊಟ್ಟಿರಲಿಲ್ಲ. ಊರು ಕೂಡಿತು, ಊರು ಠರಾವು ಮಾಡಿತು.

ಸಹಕಾರದ ಹುಟ್ಟೂ ಹೀಗೆಯೇ ಆಯಿತಲ್ಲವೇ? 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದಾಗ ಸದಸ್ಯರು ತಾವೇ ಕೂಡಿ, ತಮ್ಮ ಹಣ ಹಾಕಿ, ತಾವೇ ಒಪ್ಪಿದ ನಿಯಮಕ್ಕೆ ಬದ್ಧರಾದರು. ಸಂಘದ ಬೈಲಾಕ್ಕೆ ಬೆಲೆ ಬಂದದ್ದು ಅದು ಅಧ್ಯಕ್ಷನಿಗೂ ಸದಸ್ಯನಿಗೂ ಒಂದೇ ಆಗಿರುವುದರಿಂದ. ಮೊಬೈಲಿನ ನಿಯಮ ಮಕ್ಕಳಿಗೆ ಒಂದು, ಹಿರಿಯರಿಗೆ ಒಂದು ಆದರೆ ಅದು ಒಂದು ವಾರವೂ ನಿಲ್ಲುವುದಿಲ್ಲ. ಆದ್ದರಿಂದ ಸಾಲಿ, ಮನೆ, ಊರು ಮೂರೂ ಕೂಡಿ ಒಪ್ಪುವಂಥ ಒಂದು ಬೈಲಾ ನಿಮ್ಮ ಮುಂದೆ ಇಡುತ್ತಿದ್ದೇವೆ.

1. ಸಾಲಿಗೆ ಮೊಬೈಲ್ ತರುವುದು ಬೇಡ. ದೂರದಿಂದ ಬರುವವರು ತರಲೇಬೇಕಾದರೆ ಬಂದ್ ಮಾಡಿ ಆಫೀಸಿನಲ್ಲಿ ಕೊಟ್ಟು ಸಂಜೆ ಪಡೆಯಬೇಕು. ತುರ್ತಿಗೆ ಸಾಲಿಯ ಫೋನ್ ನಂಬರು ಪ್ರತಿ ಪಾಲಕರ ಹತ್ತಿರ ಇರಬೇಕು.

2. ಗುರುಗಳದಾಗಲಿ, ಗೆಳೆಯರದಾಗಲಿ, ಕೇಳದೆ ಫೋಟೋ, ವಿಡಿಯೋ ತೆಗೆಯಬಾರದು. ಎದುರಿಗೆ ಆಡಬಾರದ ಮಾತನ್ನು ಗ್ರೂಪಿನಲ್ಲಿಯೂ ಬರೆಯಬಾರದು. ನಡತೆ ಎಂಬುದು ಎರಡೂ ಕಡೆ ಒಂದೇ.

3. ಹತ್ತನೇತ್ತಿ ಮುಗಿಯುವವರೆಗೆ ಮೊಬೈಲ್ ಮನೆಯದು, ಮಕ್ಕಳ ಸ್ವಂತದ್ದಲ್ಲ. ರಾತ್ರಿ ಅದು ಪಡಸಾಲಿಯಲ್ಲಿ ಎಲ್ಲರಿಗೂ ಕಾಣುವಲ್ಲಿ ಚಾರ್ಜಿಗೆ ಇರಬೇಕು.

4. ಸಂಜೆ ಏಳರಿಂದ ಒಂಬತ್ತು ಟಿವಿ, ಮೊಬೈಲ್ ಬಂದ್. ಈ ನಿಯಮ ಅಪ್ಪ, ಅವ್ವ, ಕಾಕಾ, ಅಜ್ಜ ಎಲ್ಲರಿಗೂ. ಕರೆ ಬಂದರೆ ಮಾತಾಡಬಹುದು, ನೋಡುತ್ತ ಕೂಡುವಂತಿಲ್ಲ.

5. ಬ್ಯಾಂಕಿನ ಪಿನ್ ಮಕ್ಕಳಿಗೆ ಕೊಡಬಾರದು. ಹಣ ಕಳಿಸುವಾಗ ಮಗ ತೋರಿಸಿಕೊಡಲಿ, ಪಿನ್ ಒತ್ತುವುದು ತಂದೆ-ತಾಯಿಯೇ.

6. ಗುರುಗಳಲ್ಲಿ ವಿನಂತಿ: ಮನೆಗೆಲಸವನ್ನು ವಾಟ್ಸಾಪಿಗೆ ಹಾಕಿದರೂ ವರ್ಗದ ಫಳಿಯ ಮೇಲೆ ತಪ್ಪದೆ ಬರೆಯಿಸಿರಿ. ಮೊಬೈಲ್ ಇಲ್ಲದ ಮನೆಯ ಮಗು ಹಿಂದೆ ಬೀಳಬಾರದು.

7. ತಪ್ಪಿದವರಿಗೆ ಮೊದಲು ತಿಳಿಹೇಳಬೇಕು, ಆಮೇಲೆ ಪಾಲಕರನ್ನು ಕರೆಯಬೇಕು. ಹೊಡೆಯುವುದು, ನಾಲ್ಕು ಮಂದಿಯಲ್ಲಿ ಮಾನ ಕಳೆಯುವುದು, ಮೊಬೈಲ್ ನೆಲಕ್ಕೆ ಬಡಿಯುವುದು ಬೇಡ. ಮೊಬೈಲ್ ಒಡೆದರೆ ಚಟ ಒಡೆಯುವುದಿಲ್ಲ. ಯಾವ ಕಾರಣಕ್ಕೂ ಸಾಲಿ ಬಿಡಿಸುವುದು ಶಿಕ್ಷೆಯಾಗಬಾರದು.

ಇದರಲ್ಲಿ ಹೆಚ್ಚು-ಕಡಿಮೆ ಇದ್ದರೆ ತಿದ್ದೋಣ. ಮಕ್ಕಳನ್ನೂ ಕೂಡಿಸಿಕೊಂಡು ತಿದ್ದಬೇಕು, ಏಕೆಂದರೆ ಪಾಲಿಸಬೇಕಾದವರು ಅವರು. "ಸರ, ಏಳರಿಂದ ಒಂಬತ್ತು ಕರೆಂಟ್ ಹೋದ್ರ?" ಎಂದು ಒಬ್ಬ ಹುಡುಗ ಕೇಳಬಹುದು. "ನಮ್ಮ ಮನ್ಯಾಗ ಕುಂತು ಓದ್ಲಾಕ ಜಾಗಾನೇ ಇಲ್ಲ" ಎಂದು ಇನ್ನೊಬ್ಬಳು ಹೇಳಬಹುದು. ಎರಡೂ ನಿಜವಾದ ಮಾತೇ. ಅದಕ್ಕಾಗಿ ಸಂಘದ ಸಭಾಗೃಹವನ್ನು ಪ್ರತಿದಿನ ಆ ಎರಡು ತಾಸು ಓದುವ ಮಕ್ಕಳಿಗೆ ತೆರೆದಿಡಬೇಕು, ಬ್ಯಾಟರಿ ದೀಪ, ಎರಡು ದಿನಪತ್ರಿಕೆ, ಹತ್ತನೇತ್ತಿಯ ಹಳೆ ಪ್ರಶ್ನೆಪತ್ರಿಕೆಗಳನ್ನು ಅಲ್ಲಿಡಬೇಕು ಎಂಬ ಠರಾವನ್ನು ಮುಂದಿನ ಆಡಳಿತ ಮಂಡಳಿ ಸಭೆಗೆ ನಾವು ತರುತ್ತೇವೆ. ಹುಡುಗಿಯರು ಕತ್ತಲಲ್ಲಿ ಒಬ್ಬರೇ ಮನೆಗೆ ಹೋಗದಂತೆ ಓಣಿಗೊಬ್ಬ ಪಾಲಕರು ಪಾಳಿ ಹಚ್ಚಿಕೊಳ್ಳಬೇಕು. ಇದಕ್ಕೆ ದೊಡ್ಡ ಹಣ ಬೇಡ, ಮನಸ್ಸು ಬೇಕು.

ತೊಗರಿ ಹೂ ಬಿಡುವ ಹೊತ್ತಿನಲ್ಲಿ ಕಾಯಿಕೊರಕ ಬಂದರೆ ಒಬ್ಬನೇ ಔಷಧ ಹೊಡೆದರೆ ಸಾಲದು, ಪಕ್ಕದ ಹೊಲದವನೂ ಹೊಡೆಯಬೇಕು ಎಂಬುದು ನಮಗೆಲ್ಲ ಗೊತ್ತು. ಒಂದು ಮನೆಯಲ್ಲಿ ಮೊಬೈಲ್ ಬಂದ್ ಮಾಡಿ ಪಕ್ಕದ ಮನೆಯಲ್ಲಿ ಹಚ್ಚಿದರೆ ಮಗು ಅಲ್ಲಿ ಹೋಗಿ ಕೂಡುತ್ತದೆ. ಆದ್ದರಿಂದ ಕೂಡಿಯೇ ಮಾಡೋಣ. ಈ ಬೈಲಾಕ್ಕೆ ಒಪ್ಪುವ ಪಾಲಕರು ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನ ಮೇಲಿರುವ ವಹಿಯಲ್ಲಿ ಸಹಿ ಮಾಡಬೇಕು, ಮಕ್ಕಳೂ ಅದರ ಕೆಳಗೆ ತಮ್ಮ ಸಹಿ ಹಾಕಬೇಕು ಎಂದು ವಿನಂತಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.