ಬೇಲಿಯ ಲಂಟಾನವೂ ಕುಂಡದ ಮರವೂ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಾದಿಯಲ್ಲಿ ದೊಡ್ಡಬಾತಿಯ ಗುಡ್ಡವನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ತಗ್ಗಿನಲ್ಲಿ ಭದ್ರಾ ನಾಲೆಯ ನೀರುಂಡ ಬತ್ತದ ಗದ್ದೆಗಳು. ನಾಲೆಯ ನೀರು ಏರಲಾರದ ಎತ್ತರದಲ್ಲಿ ಕಲ್ಲುನೆಲ, ಕುರುಚಲು ಪೊದೆ. ಆ ಪೊದೆಗಳ ನಡುವೆ ಹಳದಿ, ಕಿತ್ತಳೆ, ನಸುಗೆಂಪು ಬಣ್ಣಗಳ ಪುಟ್ಟ ಹೂಗೊಂಚಲುಗಳನ್ನು ಹೊತ್ತು, ಎಲೆಯನ್ನು ಹೊಸಕಿದರೆ ಕಟುವಾದ ವಾಸನೆ ಬೀರುವ ಗಿಡವೊಂದುಂಟು. ಅದೇ ಲಂಟಾನ. ಹೊಲದ ಬದು, ನಾಲೆಯ ಏರಿ, ಪಾಳುಬಿದ್ದ ನಿವೇಶನ, ಇವು ಯಾವುವೂ ಅದಕ್ಕೆ ಅನ್ಯವಲ್ಲ. ಈ ತಿರಸ್ಕೃತ ಸಸ್ಯದ ಬೊಡ್ಡೆಯನ್ನು ಅಗೆದು ತಂದು, ಕುಂಡದಲ್ಲಿ ಕುಬ್ಜವೃಕ್ಷವನ್ನಾಗಿ ಬೆಳೆಯಿಸುವ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಲಂಟಾನವು ನಮ್ಮ ದೇಶದ ಗಿಡವಲ್ಲ. ಅದರ ತವರು ಅಮೆರಿಕಾ ಖಂಡದ ಉಷ್ಣಪ್ರದೇಶ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಅದನ್ನು ತರಿಸಿದರು. ತೋಟದ ಬೇಲಿಗೆ ಒಳ್ಳೆಯದೆಂದು ಊರೂರಿಗೂ ಒಯ್ದರು. ಕಪ್ಪಗೆ ಮಾಗಿದ ಅದರ ಹಣ್ಣನ್ನು ಪಿಕಳಾರ, ಗೊರವಂಕಗಳು ತಿಂದು ಬೀಜವನ್ನು ಹೋದಲ್ಲೆಲ್ಲ ಉದುರಿಸಿದವು. ಅತಿಥಿಯಾಗಿ ಬಂದದ್ದು ಮನೆಯ ಯಜಮಾನನಾಯಿತು. ದೇಶದಲ್ಲಿ ಹುಲಿಗಳು ಇರುವ ಅರಣ್ಯಪ್ರದೇಶದ ನೂರಕ್ಕೆ ೪೦ಕ್ಕಿಂತ ಹೆಚ್ಚು ಭಾಗದಲ್ಲಿ ಅದು ಹಬ್ಬಿದೆಯೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸುತ್ತದೆ. ಅದು ದಟ್ಟವಾಗಿ ಬೆಳೆದಲ್ಲಿ ಹುಲ್ಲು ಏಳದು; ಮರದ ಸಸಿಗೆ ಬೆಳಕು ಸಿಕ್ಕದು. ಬರಗಾಲದಲ್ಲಿ ಬೇರೆ ಹಸುರಿಲ್ಲದೆ ಅದರ ಎಲೆಯನ್ನು ಮೇಯ್ದ ದನಗಳ ಯಕೃತ್ತಿಗೆ ವಿಷವೇರುವುದು. ಬಿಸಿಲು ತಗುಲಿದ ಕಡೆ ಚರ್ಮ ಒಡೆದು ವ್ರಣವಾಗುವುದು. ಕೆಲವು ಸತ್ತೇ ಹೋಗುವುವು.

ಈ ಶತ್ರುವನ್ನು ಗೆಲ್ಲಲು ಪ್ರಯತ್ನಗಳು ನಡೆಯದೆ ಇಲ್ಲ. ೧೯೨೧ರಲ್ಲಿ ಅದರ ಕಾಯಿಯನ್ನು ಕೊರೆಯುವ ನೊಣವೊಂದನ್ನೂ, ೧೯೪೧ರಲ್ಲಿ ಎಲೆಯ ರಸ ಹೀರುವ ತಿಗಣೆಯೊಂದನ್ನೂ ಹೊರದೇಶಗಳಿಂದ ತರಿಸಿದರು. ಗಿಡ ಬಗ್ಗಲಿಲ್ಲ. ಕಡಿದರೆ ಬುಡದಿಂದ ಚಿಗುರಿತು; ಸುಟ್ಟರೆ ಮಳೆ ಬಿದ್ದೊಡನೆ ಮತ್ತೆ ತಲೆಯೆತ್ತಿತು. ಹೀಗಿರುವಾಗ ನಾಶಮಾಡಲಾಗದ್ದನ್ನು ಉಪಯೋಗಕ್ಕಾದರೂ ತರೋಣವೆಂಬ ಬುದ್ಧಿ ಕೆಲವರಿಗೆ ಹುಟ್ಟಿದ್ದು ಸಹಜ. ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಕುರ್ಚಿ ಮೇಜುಗಳನ್ನು ಮಾಡುವುದನ್ನು ಕಲಿತರು. ನೀಲಗಿರಿಯ ಗೂಡಲೂರಿನ ಕಡೆಯ ಕಾಡುಜನರು ಅದೇ ಕಡ್ಡಿಯಿಂದ ನಿಜಗಾತ್ರದ ಆನೆಗಳನ್ನು ಕಟ್ಟಿದರು. ಅವು ೨೦೨೧ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪ್ರದರ್ಶಿತವಾದುವು. ಕುಂಡದ ಮರವೂ ಇಂಥದೇ ಒಂದು ಉಪಯೋಗ. ಅವುಗಳಿಗಿಂತ ಬಹಳ ಸಣ್ಣದು, ಅಷ್ಟೆ.

ಕುಂಡದಲ್ಲಿ ಮರ ಬೆಳೆಸುವ ಕಲೆ ಚೀನಾದೇಶದಲ್ಲಿ ಹುಟ್ಟಿ, ಜಪಾನಿನಲ್ಲಿ ಪರಿಷ್ಕಾರ ಪಡೆಯಿತು. ಜಪಾನೀ ಮಾತಿನಲ್ಲಿ ‘ಬೋನ್’ ಎಂದರೆ ತಟ್ಟೆಯಂತಹ ಪಾತ್ರೆ, ‘ಸಾಯಿ’ ಎಂದರೆ ನೆಡುವುದು. ಎರಡೂ ಸೇರಿ ಬೋನ್ಸಾಯಿ. ಬೀಜ ಬಿತ್ತಿ ಮುಪ್ಪಿನ ಲಕ್ಷಣ ಬರಿಸುವುದಕ್ಕೆ ಒಂದು ಜೀವಮಾನ ಬೇಕಾದೀತು. ಆದ್ದರಿಂದ ಗಾಳಿ, ಹಿಮ, ಬರಗಳಿಂದ ತಾನಾಗಿಯೇ ಕುಗ್ಗಿ ಮುದುಡಿದ ಮರಗಳನ್ನು ಬೆಟ್ಟಗಳಿಂದ ಅಗೆದು ತರುವ ಪದ್ಧತಿಯೂ ಅಲ್ಲಿ ಬೆಳೆಯಿತು. ಅಂಥ ಮರಕ್ಕೆ ‘ಯಮಾದೋರಿ’ ಎಂದು ಹೆಸರು. ನಮ್ಮ ಸೀಮೆಯಲ್ಲಿ ಹಿಮವಿಲ್ಲ. ಆದರೆ ಕುಡುಗೋಲು ಉಂಟು. ಮಲೆನಾಡಿನಲ್ಲಿ ಮಳೆಯ ಸೊಕ್ಕಿಗೆ ಉದ್ದುದ್ದನೆಯ ಬಳ್ಳಿಯಂತೆ ಮರವೇರುವ ಲಂಟಾನವು, ದಾವಣಗೆರೆಯ ಒಣನೆಲದಲ್ಲಿ ವರ್ಷವರ್ಷವೂ ಬದು ಸವರುವವರ ಕೈಯಲ್ಲಿ ಕಡಿಸಿಕೊಂಡು, ಬೇಸಗೆಯ ಬೆಂಕಿಯಲ್ಲಿ ಬೆಂದು, ಮೊಳಕಾಲೆತ್ತರದಲ್ಲೇ ದಪ್ಪನಾದ, ಗಂಟುಗಂಟಾದ ಬೊಡ್ಡೆಯನ್ನು ಕಟ್ಟುತ್ತದೆ. ಜಪಾನಿನ ಬೆಟ್ಟಗಳಲ್ಲಿ ಶೀತವು ಮಾಡುವ ಕೆಲಸವನ್ನು ಇಲ್ಲಿ ನಮ್ಮ ರೈತನೇ ಮಾಡಿಟ್ಟಿರುತ್ತಾನೆ.

ಬೊಡ್ಡೆಯನ್ನು ಎಲ್ಲಿಂದ ತರಬೇಕು? ಇದು ಮೊದಲನೆಯ ಪ್ರಶ್ನೆ. ಕೊಂಡಜ್ಜಿಯ ಗುಡ್ಡಗಳಲ್ಲಿ ಬೇಕಾದಷ್ಟಿದೆಯಲ್ಲ ಎಂದು ಉತ್ಸಾಹಿಗಳು ಹಾರೆ ಹಿಡಿದು ಹೊರಡಬಾರದು. ಕಾದಿರಿಸಿದ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ನೆಲ ಅಗೆಯುವುದು ಅಪರಾಧ. ಗಿಡ ಕಳೆಯೇ ಆದರೂ ಅಪರಾಧ ಅಪರಾಧವೇ. ಹೊಲದವರನ್ನು ಕೇಳಿ ಬದುವಿನಿಂದ, ಮನೆ ಕಟ್ಟಲು ಸವರುವ ನಿವೇಶನದಿಂದ ತರುವುದೇ ಉಚಿತ. ಹಾಗೆ ಕೇಳಿದರೆ ಬೇಡವೆನ್ನುವವರು ಅಪರೂಪ.

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಮೆತ್ತಗಾದಾಗ ಅಗೆಯುವುದು ಮೇಲು. ಕೊಂಬೆಗಳನ್ನು ಗೇಣುದ್ದಕ್ಕೆ ತರಿದು, ಬೊಡ್ಡೆಯ ಸುತ್ತ ಮೊಳದಗಲ ಬಿಟ್ಟು ಅಗೆಯಬೇಕು. ಕೂದಲಿನಂತಹ ಸಣ್ಣ ಬೇರುಗಳೇ ಗಿಡದ ಪ್ರಾಣ. ಅವನ್ನು ಒದ್ದೆಯ ಗೋಣಿಯಲ್ಲಿ ಸುತ್ತಿ ತರಬೇಕು. ಲಂಟಾನದ ಸ್ವಭಾವದಲ್ಲಿ ಒಂದು ವಿಶೇಷವುಂಟು. ಅದರ ಕಾಂಡದಲ್ಲಿ ಒಂದೊಂದು ಬೇರೂ ತನ್ನ ನೇರಕ್ಕಿರುವ ಪಟ್ಟಿಯನ್ನೇ ಬಹುಮಟ್ಟಿಗೆ ಪೋಷಿಸುತ್ತದೆ. ಬಲಗಡೆಯ ಬೇರನ್ನು ಕಡಿದರೆ ಬಲಗಡೆಯ ತೊಗಟೆ ಬುಡದಿಂದ ತುದಿಯವರೆಗೆ ಒಣಗಬಹುದು. ಒಣಗಿದ ಭಾಗವು ಬಿಳಿಚಿ, ಜೀವವಿರುವ ತೊಗಟೆಯ ಪಕ್ಕದಲ್ಲಿ ಹಳೆಯ ಮರದ ಗಾಂಭೀರ್ಯವನ್ನು ಕೊಡುವುದೂ ಉಂಟು. ಆದರೆ ಅದು ನಮ್ಮ ಇಷ್ಟದಿಂದ ಆಗಬೇಕೇ ಹೊರತು ಅಜಾಗರೂಕತೆಯಿಂದಲ್ಲ.

ನೆಡುವ ಮಣ್ಣು ನೀರನ್ನು ಹಿಡಿದು ನಿಲ್ಲಿಸಕೂಡದು. ಈ ಸೀಮೆಯ ಎರೆಮಣ್ಣು ಜೋಳಕ್ಕೆ ಒಳ್ಳೆಯದು, ಕುಂಡಕ್ಕೆ ಕೆಟ್ಟದ್ದು. ಇಟ್ಟಿಗೆಯ ಚೂರನ್ನು ಕಡಲೆಯ ಗಾತ್ರಕ್ಕೆ ಕುಟ್ಟಿ ಜರಡಿಯಾಡಿ, ಅದಕ್ಕೆ ಸ್ವಲ್ಪ ಹಳೆಯ ಗೊಬ್ಬರವನ್ನೂ, ಅರೆಸುಟ್ಟು ಕರಿಯಾದ ಬತ್ತದ ಹೊಟ್ಟನ್ನೂ ಬೆರಸಬೇಕು. ಅಕ್ಕಿಯ ಗಿರಣಿಗಳೂ ಮಂಡಕ್ಕಿ ಭಟ್ಟಿಗಳೂ ಇರುವ ದಾವಣಗೆರೆಯಲ್ಲಿ ಹೊಟ್ಟಿಗೆ ಬರವೆಲ್ಲಿಯದು? ಬೊಡ್ಡೆ ಅಲುಗದಂತೆ ಹುರಿಯಿಂದ ಕುಂಡಕ್ಕೆ ಬಿಗಿದು, ತೇವ ಆರದಂತೆ ಪ್ಲಾಸ್ಟಿಕ್ಕಿನ ಚೀಲ ಹೊದಿಸಿ ನೆರಳಿನಲ್ಲಿಡಬೇಕು.

ಇಲ್ಲಿ ನಮ್ಮದೇ ಒಂದು ಪ್ರಮಾದವನ್ನು ಹೇಳಬೇಕು. ಮೊದಲ ವರ್ಷ ನಾವು ಆರು ಬೊಡ್ಡೆಗಳನ್ನು ತಂದೆವು. ಮೂರು ವಾರಗಳಲ್ಲಿ ಎಲ್ಲವೂ ಚಿಗುರಿದುವು. ಹಿಗ್ಗಿನಿಂದ ಅವನ್ನು ಬಿಸಿಲಿಗಿಟ್ಟು, ಗೊಬ್ಬರದ ನೀರೆರೆದೆವು. ಹತ್ತೇ ದಿನಗಳಲ್ಲಿ ಆರೂ ಬಾಡಿದುವು. ಕಿತ್ತು ನೋಡಿದರೆ ಒಂದರಲ್ಲಿಯೂ ಹೊಸ ಬೇರು ಹುಟ್ಟಿರಲಿಲ್ಲ. ಮರದೊಳಗೆ ಕೂಡಿಟ್ಟಿದ್ದ ಆಹಾರದಿಂದಲೇ ಚಿಗುರು ಬಂದಿತ್ತು. ಬಂಡವಾಳವನ್ನು ಕರಗಿಸಿ ಉಣ್ಣುವವನನ್ನು ಕಂಡು ಸಂಪಾದನೆ ಚೆನ್ನಾಗಿದೆಯೆಂದು ನಾವು ಭ್ರಮಿಸಿದ್ದೆವು. ಮೊದಲ ಚಿಗುರಿಗೆ ಹಿಗ್ಗದೆ, ಅದು ಗಟ್ಟಿಯಾಗಿ ಎರಡನೆಯ ಚಿಗುರು ಓಡುವವರೆಗೂ ಕೈಕಟ್ಟಿ ಕುಳಿತಿರುವುದೇ ಈ ವಿದ್ಯೆಯ ಕಠಿನತಮವಾದ ಪಾಠ.

ಬೇರೂರಿದ ಬಳಿಕ ಕೊಂಬೆಗಳನ್ನು ತಿದ್ದಬೇಕು. ಲಂಟಾನದ ಬಲಿತ ಕೊಂಬೆ ಬಾಗಿಸಿದರೆ ಫಕ್ಕನೆ ಮುರಿಯುತ್ತದೆ; ತಂತಿ ಸುತ್ತುವುದಿದ್ದರೆ ಎಳೆಯ ಹಸುರು ಕೊಂಬೆಗೇ ಸುತ್ತಿ, ತೊಗಟೆಯಲ್ಲಿ ಗಾಯ ಮೂಡುವ ಮುನ್ನ ಬಿಚ್ಚಬೇಕು. ಅದಕ್ಕಿಂತ ಸುಲಭವಾದದ್ದು ದಕ್ಷಿಣ ಚೀನಾದ ಲಿಂಗ್ನಾನ್ ಸಂಪ್ರದಾಯ: ಕೊಂಬೆಯನ್ನು ಬೇಕಾದಷ್ಟು ಉದ್ದ ಬೆಳೆಯಲು ಬಿಟ್ಟು, ದಪ್ಪವಾದ ಮೇಲೆ ಬುಡದ ಎರಡೆಲೆ ಉಳಿಸಿ ಕತ್ತರಿಸುವುದು, ಹೊಸ ಚಿಗುರು ತಿರುಗಿದ ದಿಕ್ಕಿನಲ್ಲಿ ಮತ್ತೆ ಬೆಳೆಸುವುದು. ಹೀಗೆ ಮೂರು ನಾಲ್ಕು ವರ್ಷ ನಡೆದರೆ ಕೊಂಬೆಗೆ ಹಳೆಯ ಹುಣಿಸೆಮರದ ಕೊಂಕು ಬರುತ್ತದೆ, ಎಲೆ ಕಿರಿದಾಗುತ್ತದೆ. ಹೂ ಬೇಕಾದಾಗ ಕತ್ತರಿಯನ್ನು ಕೆಲವು ವಾರ ದೂರವಿಡಬೇಕು. ಏಕೆಂದರೆ ಹೂ ಬರುವುದು ಹೊಸ ಚಿಗುರಿನಲ್ಲಿಯೇ.

ನಮ್ಮಲ್ಲಿರುವ ಗಿಡಗಳಲ್ಲಿ ಒಳ್ಳೆಯದು ಹರಿಹರದ ಹತ್ತಿರದ ರೈತರೊಬ್ಬರ ಬದುವಿನಿಂದ ಬಂದದ್ದು. ಕೇಳಿದಾಗ ಅವರು, “ತಗೊಂಡ್ ಹೋಗ್ರಿ ಮೇಷ್ಟ್ರೇ, ಅದರ ಬೇರು ಕಿತ್ತೋರಿಗೆ ಪುಣ್ಯ ಬರ್ತೈತಿ” ಎಂದರು. ಹಿಂದೊಂದು ಬರದಲ್ಲಿ ಅವರ ಹಸುವೊಂದು ಲಂಟಾನ ಮೇಯ್ದು ಸತ್ತಿತ್ತಂತೆ. ಅದನ್ನು ಹೇಳಿದ ಮೇಲೆ, ತಾವೇ ಹಾರೆ ತೆಗೆದುಕೊಂಡು ಅಗೆದುಕೊಟ್ಟರು. ನಾಲ್ಕು ವರ್ಷಗಳ ತರುವಾಯ ಏನೋ ಕೆಲಸದ ಮೇಲೆ ದಾವಣಗೆರೆಗೆ ಬಂದವರು ನಮ್ಮ ಮನೆಗೂ ಬಂದರು. ಗೇಣುದ್ದದ ಮರ ಮೈತುಂಬ ಹೂ ಬಿಟ್ಟಿತ್ತು. ಅವರು ಬಹಳ ಹೊತ್ತು ಅದರ ಮುಂದೆ ಕುಳಿತರು. ಮೆಚ್ಚಿಕೆಯ ಮಾತನ್ನು ನಿರೀಕ್ಷಿಸುತ್ತಿದ್ದ ನಮಗೆ ಅವರು ಹೇಳಿದ್ದು ಇಷ್ಟು: “ಚೆಂದ ಐತ್ರಿ. ಆದರ ಇದು ಕಾಯಿ ಕಟ್ಟೈತಲ್ರಿ.”

ಎಲೆಗಳ ಸಂದಿಯಲ್ಲಿ ಹಸುರು ಕಾಯಿಗಳ ಗೊಂಚಲುಗಳು ನಾಲ್ಕಾರಿದ್ದುವು. ಎರಡು ಹಣ್ಣು ಕಪ್ಪಾಗಿಯೂ ಇದ್ದುವು. ಹೂವಿನ ಬಣ್ಣ ಹಳದಿಯಿಂದ ಕೆಂಪಿಗೆ ತಿರುಗುವುದನ್ನು ದಿನವೂ ನೋಡುತ್ತಿದ್ದ ನಮ್ಮ ಕಣ್ಣಿಗೆ ಕಾಯಿ ಬಿದ್ದಿರಲಿಲ್ಲ. ಕಲ್ಕತ್ತೆಯ ತೋಟದಲ್ಲಿ ಇನ್ನೂರು ವರ್ಷಗಳ ಹಿಂದೆ ನಡೆದದ್ದೂ ಇದೇ ಅಲ್ಲವೆ? ಅಲ್ಲಿಯವರೂ ಹೂವನ್ನೇ ನೋಡಿದರು. ನಮ್ಮ ಮಾಳಿಗೆಗೂ ಪಿಕಳಾರ ಬರುತ್ತದೆ.

ಆದ್ದರಿಂದ ಈ ಹವ್ಯಾಸ ಕೈಗೊಳ್ಳುವವರಲ್ಲಿ ನಮ್ಮ ವಿಜ್ಞಾಪನೆ ಇದು. ಅಗೆದ ಗುಂಡಿಯಲ್ಲಿ ಬೇರಿನ ತುಂಡು ಉಳಿಸದಿರಿ. ಕತ್ತರಿಸಿದ ಕಡ್ಡಿಯನ್ನು ಹಸಿಯಾಗಿ ಬೀದಿಗೆಸೆಯದಿರಿ. ದನಗಳಿಗೆ ಎಟುಕುವಲ್ಲಿ ಕುಂಡ ಇಡದಿರಿ. ಹೂ ಬಾಡಿದೊಡನೆ ಗೊಂಚಲನ್ನು ಚಿವುಟಿರಿ. ಒಂದು ಗಿಡಕ್ಕೆ ಇದು ದಿನಕ್ಕೆ ಎರಡು ನಿಮಿಷದ ಕೆಲಸ. ಆ ರೈತರ ಬದುವಿನಲ್ಲಿ ಈಗ ತೊಗರಿ ನಿಂತಿದೆ. ಅಲ್ಲಿಂದ ಬಂದ ಬೊಡ್ಡೆಯ ಮುಂದೆ ನಾವು ಪ್ರತಿ ಬೆಳಿಗ್ಗೆ ಕತ್ತರಿ ಹಿಡಿದು ಕೂರುತ್ತೇವೆ. ಮೊದಲು ಕಾಯಿಯನ್ನು ಹುಡುಕಿ, ಆಮೇಲೆ ಹೂವನ್ನು ನೋಡುತ್ತೇವೆ.