ಹಿರಿಯರ ಮತ ಹಿರಿಯರದ್ದೇ
(ಜುಮಾ ಖುತ್ಬಾದ ಸಾರಾಂಶ)



ಹಿಜ್ರಿ 8ರಲ್ಲಿ ಮಕ್ಕಾ ವಿಜಯವಾದಾಗ ಹಝ್ರತ್ ಅಬೂಬಕರ್(ರ)ರು ತಮ್ಮ ವೃದ್ಧ ತಂದೆ ಅಬೂ ಕುಹಾಫರನ್ನು ಪ್ರವಾದಿ(ಸ)ರ ಬಳಿಗೆ ಕರೆತಂದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಈ ಹಿರಿಯರನ್ನು ಮನೆಯಲ್ಲೇ ಬಿಡಬಹುದಿತ್ತು, ನಾನೇ ಅವರ ಬಳಿಗೆ ಬರುತ್ತಿದ್ದೆ ಎಂಬರ್ಥದಲ್ಲಿ ಪ್ರವಾದಿ(ಸ)ರು ಹೇಳಿದರು. ನಡೆಯಲಾಗದವರ ಬಳಿಗೆ ನಾವೇ ಹೋಗಬೇಕು. ಅದು ನಮಗಿರುವ ಮಾದರಿ.

ಮತದಾನದಲ್ಲೂ ಈಗ ಅಂತಹ ಏರ್ಪಾಡಿದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ರಾಜ್ಯದ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಸಿಕ್ಕಿತು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೂ ಈ ಸೌಲಭ್ಯವಿದೆ. ಆದರೆ ಅದು ತಾನಾಗಿ ಬರುವುದಿಲ್ಲ. ಚುನಾವಣಾ ಅಧಿಸೂಚನೆ ಹೊರಟ 5 ದಿನಗಳೊಳಗೆ ನಮೂನೆ 12ಡಿ ತುಂಬಿ ಬಿಎಲ್‌ಒ ಕೈಗೆ ಕೊಡಬೇಕು. ಒಮ್ಮೆ ಮನೆ ಮತದಾನ ಒಪ್ಪಿಕೊಂಡವರು ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ.

ನಮ್ಮ ಮನೆಗಳ ಸ್ಥಿತಿ ನೋಡಿ. ಮಕ್ಕಳು ದುಬೈ, ಸೌದಿಯಲ್ಲಿದ್ದಾರೆ. ತಾಯಿ ಭಟ್ಕಳದ ಮನೆ ಬಿಟ್ಟು ಕುಮಟಾದ ಮಗಳ ಮನೆಯಲ್ಲಿದ್ದಾರೆ. ಕೆಲವರು ದೂರದ ಆರೈಕೆ ಕೇಂದ್ರದಲ್ಲಿದ್ದಾರೆ. ಹೆಸರು ಮಾತ್ರ ಹಳೆಯ ಪಟ್ಟಿಯಲ್ಲೇ ಉಳಿದಿದೆ. ಭಟ್ಕಳ, ಕುಮಟಾ ಬೇರೆ ಬೇರೆ ಕ್ಷೇತ್ರಗಳು. ಹೊನ್ನಾವರ ತಾಲ್ಲೂಕು ಎರಡರಲ್ಲೂ ಹಂಚಿಹೋಗಿದೆ. ಅಲ್ಲಿನ ಮತಪತ್ರ ಇಲ್ಲಿನ ಹಾಸಿಗೆಯ ಬಳಿಗೆ ಬಾರದು. ಅವರು ಕಾಯಂ ಆಗಿ ಇಲ್ಲೇ ಇರುವುದಾದರೆ ನಮೂನೆ 8 ಸಲ್ಲಿಸಿ ಹೆಸರನ್ನು ವರ್ಗಾಯಿಸಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಸಮಯ ಸಾಲದು.

“ಅಮ್ಮನಿಗೆ ಇನ್ನೇಕೆ ವೋಟು?” ಎನ್ನುವವರಿದ್ದಾರೆ. ವೃದ್ಧ ತಂದೆತಾಯಿಗೆ ‘ಉಫ್’ ಎನ್ನುವುದನ್ನೂ ಕುರ್‌ಆನ್ ನಿಷೇಧಿಸಿದೆ (17:23). ಹಾಗಿರುವಾಗ ಅವರನ್ನು ಕೇಳದೆಯೇ ಅವರ ಹಕ್ಕನ್ನು ಮುಗಿಸಿಬಿಡಲು ನಾವು ಯಾರು?

ಇನ್ನೊಂದು ತಪ್ಪೂ ಇದೆ. ಮತ ಹಾಕಿಸುತ್ತೇವೆ, ಆದರೆ ಯಾರಿಗೆಂದು ನಾವೇ ತೀರ್ಮಾನಿಸುತ್ತೇವೆ. ಮತವನ್ನು ಉಲಮಾಗಳು ಸಾಕ್ಷ್ಯಕ್ಕೆ ಹೋಲಿಸಿದ್ದಾರೆ. ತಾಯಿಯ ಸಾಕ್ಷ್ಯವನ್ನು ಮಗ ತನ್ನ ಇಷ್ಟದಂತೆ ನುಡಿದರೆ ಅದು ಅಮಾನತ್‌ನಲ್ಲಿ ಖಿಯಾನತ್. ಅಧಿಕಾರಿಗಳು ಮನೆಗೆ ಬಂದಾಗ ಕನ್ನಡಕ ಕೊಡಿ, ದಿಂಬು ಇಟ್ಟು ಕೂರಿಸಿ, ಆಮೇಲೆ ಪಕ್ಕಕ್ಕೆ ಸರಿಯಿರಿ. 85 ತುಂಬದ ಅಶಕ್ತರು ಮತಗಟ್ಟೆಗೆ ಸಹಾಯಕರೊಬ್ಬರನ್ನು ಕರೆದೊಯ್ಯಬಹುದು. ಆ ಸಹಾಯಕ ಹಿರಿಯರು ಹೇಳಿದಂತೆಯೇ ಮತ ಹಾಕಿ, ಗುಟ್ಟು ಕಾಪಾಡಬೇಕು.

2028ರ ವಿಧಾನಸಭೆ ಚುನಾವಣೆಗೆ ಕಾಯಬೇಡಿ. ಈ ವಾರವೇ ನಿಮ್ಮ ಮನೆಯ, ನೆರೆಮನೆಯ ಹಿರಿಯರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ನೋಡಿ. ನೆರೆಯವರು ಯಾವ ಧರ್ಮದವರಾದರೂ ಅವರ ಹಕ್ಕು ನಮ್ಮ ಮೇಲಿದೆ. ಸಹಾಯವಾಣಿ 1950.

ನಮ್ಮ ಹಿರಿಯರ ಹಕ್ಕು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.